ಕೆಂಪು ದಾರದ ಗುಂಡಿ

ಮುಂದಾಗುವುದು ಮೊದಲೇ ಕಾಣಿಸಿತು, ಸತ್ತವರು ಬಂದು ಹೇಳಿದರು ಎನ್ನುವವರನ್ನು ನಾನು ಗೇಲಿ ಮಾಡುತ್ತಿದ್ದವನು. ಈಗ ಹೇಳುವುದನ್ನು ನೀವೂ ನಂಬಬೇಕೆಂದಿಲ್ಲ. ನಡೆದದ್ದಿಷ್ಟು.

ಆಗ ನಾನು ಶಿಕಾರಿಪುರದಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದೆ. ಕಿರುಚಿತ್ರ ಮಾಡುವ ಹುಚ್ಚು ಹತ್ತಿತ್ತು. ಗೆಳೆಯ ಇಮ್ತಿಯಾಜ್‌ನದು ಕ್ಯಾಮೆರಾ, ನನ್ನದು ಕತೆ ಮತ್ತು ನಿರ್ದೇಶನ. ಮೊದಲ ಚಿತ್ರದ ಕತೆ ನನಗೆ ಸೊರಬದ ಬಸ್ಸಿನಲ್ಲಿ ಕೂತಿದ್ದಾಗ ಇಡಿಯಾಗಿ ಹೊಳೆದಿತ್ತು. ಮನೆ ಬಿಟ್ಟು ಹೋದ ಮಗನಿಗಾಗಿ ತಾಯಿಯೊಬ್ಬಳು ವರ್ಷಗಟ್ಟಲೆ ಕಾಯುತ್ತಾಳೆ. ಕೊನೆಗೆ ಮನೆ ಹಿಂದಿನ ಹೊಲದ ಬಾವಿಯಲ್ಲಿ ಮೂಳೆಗಳು ಸಿಗುತ್ತವೆ. ಅಂಗಿಯ ಒಂದು ಗುಂಡಿಯಿಂದ ಅವಳು ಮಗನನ್ನು ಗುರುತಿಸುತ್ತಾಳೆ. ಈ ಕೊನೆ ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ತಾಯಿಯ ಪಾತ್ರಕ್ಕೆ ಮುಖ ಹುಡುಕುತ್ತಾ ಉಳವಿಯ ಕಡೆಗೆ ಹೋದೆವು. ಅಲ್ಲೊಂದು ಹಳ್ಳಿಯಲ್ಲಿ ನೀರು ಕೇಳಲು ನಿಂತ ಮನೆಯಲ್ಲೇ ಆ ಮುಖ ಸಿಕ್ಕಿತು. ಹೆಸರು ಗೌರಮ್ಮ.

"ನಾಟಕ ಗೀಟಕ ನಂಗೆ ಬರಲ್ಲ ತಮ್ಮ" ಎಂದರು.

"ದಾರಿ ನೋಡ್ತಾ ಕೂತ್ರೆ ಸಾಕಮ್ಮ."

"ಅದೊಂದು ಬರ್ತದೆ."

ಜೊತೆಗಿದ್ದ ಹಿರಿಮಗ ಮಂಜಪ್ಪ ಸಂತೋಷದಿಂದಲೇ ಒಪ್ಪಿದರು. ಮುಂದಿನ ವಾರ ಮಟಮಟ ಮಧ್ಯಾಹ್ನ ಚಿತ್ರೀಕರಣ. ಗೌರಮ್ಮ ಜಗಲಿಯಲ್ಲಿ ಕೂತು ದಾರಿ ನೋಡಿದರು. ನಟನೆ ಎನ್ನಲಾಗದಂಥ ನೋಟ. ಕಟ್ ಹೇಳಲು ನನಗೆ ಬಾಯಿ ಬರಲಿಲ್ಲ. ಅವರೇ ನನ್ನತ್ತ ತಿರುಗಿದರು.

"ನಮ್ಮ ಸಣ್ಣವನೂ ಹಿಂಗೇ ಹೋದ. ಗೋವಾಕ್ಕೆ ಹೋದ ಅಂತ ಮಂಜ ಹೇಳ್ದ. ಒಂದು ಫೋನಿಲ್ಲ. ನಿನ್ನ ಕತೇಲಿ ಮಗ ಎಲ್ಲಿದಾನೆ?"

ಇನ್ನೂ ಬರೆದಿಲ್ಲಮ್ಮ ಎಂದೆ. ಅವರು ಬಿಡಲಿಲ್ಲ, ಎದ್ದು ಬಂದು ಕೈ ಹಿಡಿದರು. ಸುಳ್ಳು ಹೇಳಲಾಗದೆ, ಬರೀ ಕತೆಯಮ್ಮ ಎನ್ನುತ್ತಲೇ ಬಾವಿಯ ವಿಷಯ ಹೇಳಿದೆ. ಅಂಗಿಯ ಗುಂಡಿ ಕೆಂಪು ದಾರದಲ್ಲಿ ಹೊಲಿದದ್ದು ಎಂದೂ ಹೇಳಿದೆ.

ಗೌರಮ್ಮ ಅಳಲಿಲ್ಲ. "ಅವತ್ತು ಬಿಳಿ ದಾರ ಸಿಗಲಿಲ್ಲ" ಎಂದರು, ಯಾರಿಗೋ ಸಮಜಾಯಿಷಿ ಕೊಡುವಂತೆ. "ಕೆಂಪು ದಾರದಲ್ಲೇ ಹೊಲಿದು ಕೊಟ್ಟೆ. ಅದನ್ನೇ ಹಾಕ್ಕೊಂಡು ಹೋದ." ಆಮೇಲೆ ನಿಧಾನಕ್ಕೆ ಹಿರಿಮಗನ ಕಡೆ ತಿರುಗಿದರು. "ಮಂಜಾ, ಹಿಂದಿನ ಹೊಲದ ಬಾವಿ ಯಾಕೋ ಮುಚ್ಚಿಸ್ದೆ?"

"ದನ ಬೀಳ್ತಿದ್ವು, ಮುಚ್ಚಿಸ್ದೆ. ಎಷ್ಟು ಸಲ ಹೇಳೋದು?" ಮಂಜಪ್ಪ ನಮ್ಮತ್ತ ಬಂದರು. "ನಿಮ್ ಸಿನಿಮಾ ಸಾಕು ಕಣ್ರೀ. ನಡೀರಿ ಇಲ್ಲಿಂದ."

ಹಿತ್ತಲಿನ ಆಚೆ ಮೆಕ್ಕೆಜೋಳ ಎದೆಯೆತ್ತರ ಬೆಳೆದಿತ್ತು. ಅಲ್ಲೊಂದು ಬಾವಿಯಿತ್ತೆಂದು ನಾನು ಹೇಗೆ ತಾನೆ ಊಹಿಸಲಿ? ಇಮ್ತಿಯಾಜ್ ಬೈಕು ಹತ್ತಿದ ಮೇಲೆ ಒಂದೇ ಮಾತು ಕೇಳಿದ: "ನಿಂಗೆ ಈ ಕತೆ ಯಾರು ಹೇಳಿದ್ರು, ನಿಜ ಹೇಳು." ಆಣೆ ಮಾಡಿದರೂ ಅವನು ನಂಬಿದಂತೆ ಕಾಣಲಿಲ್ಲ.

ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಠಾಣೆಗೆ ಹೋಗಿ ಎಲ್ಲ ಹೇಳಿದೆ. ಅಲ್ಲಿದ್ದವರು ಸಾವಧಾನವಾಗಿಯೇ ಕೇಳಿದರು. "ಕತೆ ಆಧಾರದ ಮೇಲೆ ಹೊಲ ಅಗೆಯೋಕಾಗುತ್ತೇನ್ರೀ? ಆ ತಾಯೀನೇ ಬಂದು ದೂರು ಕೊಡ್ಲಿ" ಎಂದರು. ಅದನ್ನು ಗೌರಮ್ಮನಿಗೆ ತಿಳಿಸಲು ಮತ್ತೆ ಆ ಹಳ್ಳಿಗೆ ಹೋದೆ.

ಅವರು ಅದೇ ಜಗಲಿಯಲ್ಲಿದ್ದರು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಇರೋನೂ ಒಬ್ಬನೇ ತಮ್ಮ" ಎಂದರು. "ಸಣ್ಣವ ಗೋವಾದಲ್ಲೇ ಇರ್ಲಿ ಬಿಡು."

ಆ ಚಿತ್ರವನ್ನು ನಾನು ಮುಗಿಸಲಿಲ್ಲ. ಆಮೇಲೆ ಬೇರೆ ಚಿತ್ರಗಳನ್ನು ಮಾಡಿದೆ, ಬೇರೆ ಕತೆಗಳನ್ನು ಬರೆದೆ. ಆದರೆ ಹೊಸ ಕತೆಯೊಂದು ತಾನಾಗಿಯೇ, ಇಡಿಯಾಗಿ ಹೊಳೆದರೆ ಸಾಕು, ಕೈ ತಣ್ಣಗಾಗುತ್ತದೆ. ಇದು ಯಾರದು ಎಂದು ಕೇಳಬೇಕೆನಿಸುತ್ತದೆ. ಯಾರನ್ನು ಕೇಳಬೇಕೋ ಗೊತ್ತಿಲ್ಲ.