ಒಂದೇ ಕಟ್ಟಡದಲ್ಲಿ ನಾಲ್ಕು ಎಸ್ಪೋಸಿತೊ

ನೇಪಲ್ಸ್‌ನಲ್ಲಿ ಬಂದಿಳಿದ ದಿನ ನಾನು ಮಾಡಿದ ಮೊದಲ ಕೆಲಸ, ಕಂಡವರ ಮನೆಯ ಕರೆಗಂಟೆ ಒತ್ತಿದ್ದು. ಕೆಲಸದ ಮನೆಯ ವಿಳಾಸದ ಚೀಟಿಯಲ್ಲಿ ‘ಎಸ್ಪೋಸಿತೊ’ ಎಂದಿತ್ತು. ಕಟ್ಟಡದ ಬಾಗಿಲಲ್ಲಿ ಒಂಬತ್ತು ಕರೆಗಂಟೆಗಳು. ನಾಲ್ಕರ ಮೇಲೆ ಅದೇ ಹೆಸರು! ಮೂವರು ಕಿಟಕಿಯಿಂದ ಬೈದರು, ನಾಲ್ಕನೆಯವಳು ಒಳಗೆ ಕರೆದಳು. ಅವಳೇ ಎಂಬತ್ತನಾಲ್ಕರ ಆಸ್ಸುಂತಾ. ಶಿರಸಿಯಲ್ಲಿ ಆಸ್ಪತ್ರೆಯ ಆಯಾ ಆಗಿದ್ದ ನಾನು ಈಗ ಅವಳ ‘ಬದಾಂತೆ’, ಅಂದರೆ ಮುದುಕರ ಮನೆಯಲ್ಲೇ ಇದ್ದು ನೋಡಿಕೊಳ್ಳುವವಳು.

ನಮ್ಮ ಸಿದ್ದಾಪುರದ ಬಸ್ಸಿನಲ್ಲಿ ‘ಹೆಗಡೇರೇ’ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದಲ್ಲ, ಇಲ್ಲಿ ಎಸ್ಪೋಸಿತೊ ಹಾಗೆ. ಔಷಧಿ ಅಂಗಡಿಯವನೂ ಅದೇ, ಮೀನು ಮಾರುವವಳೂ ಅದೇ. ನಮ್ಮ ದಾಸನಕೊಪ್ಪದಲ್ಲಿ ಅಡ್ಡಹೆಸರಿಗೊಂದು ಕಾರಣ ಇರುತ್ತದೆ. ಅಂಗಡಿ ಇಟ್ಟವರು ಅಂಗಡಿ, ಊರ ಹಿಂದೆ ಮನೆ ಕಟ್ಟಿದ ನಾವು ಹಿತ್ತಲಮನಿ. ಇದನ್ನು ವಿವರಿಸಿ, ನಿಮ್ಮದು ಹೇಗೆ ಬಂತು ಎಂದು ಆಸ್ಸುಂತಾಳನ್ನು ಕೇಳಿದೆ. "ನಮ್ಮಲ್ಲಿ ಹಿತ್ತಲಲ್ಲಿ ಕೋಳಿ ಇಡುತ್ತಾರೆ" ಎಂದು ಮುಖ ತಿರುಗಿಸಿದಳು. ಅಂಗೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡೆ.

ಇಲ್ಲಿ ಕರೆಗಂಟೆಯ ಮೇಲೆ ಹೆಸರಿಲ್ಲದವರು ಊರಲ್ಲೇ ಇಲ್ಲದಂತೆ. ವಿಳಾಸ ದಾಖಲಿಸಲು ಪುರಸಭೆಯ ಪೊಲೀಸಿನವನು ಬಂದು ಹೆಸರು ನೋಡಿ ಹೋಗುತ್ತಾನೆ. ವಿಳಾಸ ದಾಖಲಾಗದೆ, ಈ ದೇಶದಲ್ಲಿರಲು ಬೇಕಾದ ನನ್ನ ಪರ್ಮಿಟ್ಟಿನ ನವೀಕರಣವಿಲ್ಲ. ಅದಿಲ್ಲದೆ ಊರಿಗೆ ಹೋದರೆ ಮರಳಿ ಬರಲಾಗದು. ಅವ್ವನ ಹತ್ತಿರ ಬಿಟ್ಟು ಬಂದಾಗ ನನ್ನ ಮಗಳು ಸ್ಫೂರ್ತಿಗೆ ಐದು ವರ್ಷ, ಈಗ ಏಳು. ಆಸ್ಸುಂತಾಳದು ಮಾತ್ರ ಒಂದೇ ಹಟ: "ನನ್ನ ಗಂಟೆಯ ಮೇಲೆ ಇನ್ನೊಂದು ಹೆಸರು ಬರಕೂಡದು."

ರಜೆಯ ಗುರುವಾರ ಮಧ್ಯಾಹ್ನ, ಭಾನುವಾರ ಬಿಟ್ಟರೆ ನಾನು ಮೂರನೇ ಮಹಡಿ ಇಳಿಯುವಂತಿಲ್ಲ. ಒಂದು ಬೆಳಿಗ್ಗೆ ಅವಳಿಗೆ ಸ್ನಾನ ಮಾಡಿಸುತ್ತಿದ್ದಾಗ ಕಿಟಕಿಯಿಂದ ನೋಡುತ್ತೇನೆ, ಪೊಲೀಸಿನವನು ಒಂಬತ್ತೂ ಗಂಟೆಗಳ ಹೆಸರು ಓದಿ, ನನ್ನದಿಲ್ಲವೆಂದು ತಲೆಯಾಡಿಸಿ ಹೊರಟಿದ್ದಾನೆ. ಕೂಗಿದೆ, ಕೇಳಿಸಲಿಲ್ಲ. ಒದ್ದೆ ಮುದುಕಿಯನ್ನು ಬಿಟ್ಟು ಓಡುವುದು ಹೇಗೆ?

ಆ ದಿನ ಅವಳ ಮುಂದೆ ಮಗಳ ಫೋಟೊ ಇಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಆಗ ಅವಳು ತನ್ನ ಹೆಸರಿನ ಕತೆ ಹೇಳಿದಳು. ಹಿಂದೆ ಇಲ್ಲಿನ ಅನಾಥಾಲಯದ ಗೋಡೆಯಲ್ಲಿ ತಿರುಗುವ ಮರದ ತೊಟ್ಟಿಲಿತ್ತಂತೆ. ಸಾಕಲಾರದವರು ಹೊರಗಿನಿಂದ ಕೂಸನ್ನಿಟ್ಟು ತಿರುಗಿಸಿದರೆ ಅದು ಒಳಗೆ ಹೋಗುತ್ತಿತ್ತು. ಹಾಗೆ ಬಂದ ಕೂಸುಗಳಿಗೆ ಇಡುತ್ತಿದ್ದ ಹೆಸರು ಎಸ್ಪೋಸಿತೊ: ಹೊರಗೆ ಬಿಟ್ಟದ್ದು. ಆಮೇಲೆ ಆ ಪದ್ಧತಿ ನಿಂತಿತು, ಹೆಸರು ಊರೆಲ್ಲ ಹಬ್ಬಿತು.

"ನನ್ನ ಅಜ್ಜನ ಅಜ್ಜ ಅಂಥ ಕೂಸು. ನಮಗೆ ಸ್ವಂತ ಬಾಗಿಲು, ಅದರ ಮೇಲೆ ಹೆಸರು ಸಿಕ್ಕಿದ್ದು ಅಪ್ಪನ ಕಾಲಕ್ಕೆ" ಎಂದಳು.

"ಮತ್ತೆ ನನ್ನನ್ನೇಕೆ ಹೊರಗೆ ಬಿಟ್ಟಿದ್ದೀಯ?" ಎಂದೆ. ನನಗೆ ಸಿಟ್ಟು ಬಂದಿತ್ತು.

ಮರುದಿನ ಕಾಫಿಯ ಲೋಟದ ಪಕ್ಕ ಒಂದು ಚೀಟಿ ಇತ್ತು. ಅವಳದೇ ಅಕ್ಷರ, ಅವರ ಲಿಪಿಯಲ್ಲಿ, ‘ಹಿತ್ತಲಮನಿ’. ಅದನ್ನು ಅವಳ ಹೆಸರಿನ ಕೆಳಗೆ ಅಂಟಿಸಿದೆ. ಮತ್ತೆ ಅರ್ಜಿ ಕೊಟ್ಟ ಮೇಲೆ ಪೊಲೀಸಿನವನು ಬಂದ, ಬರೆದುಕೊಂಡು ಹೋದ.

ಕೂಡಲೇ ದಾಸನಕೊಪ್ಪಕ್ಕೆ ಫೋನ್ ಮಾಡಿದೆ. "ಅವ್ವಾ, ಬಾಗಲದಾಗ ನನ್ನ ಹೆಸರು ಬಂತು! ಪರ್ಮಿಟ್ ಆದ ಕೂಡ್ಲೆ ಬರ್ತೀನಿ."

"ಚಲೋ ಆತು ಬಿಡವಾ" ಎಂದಳು ಅವ್ವ. "ನಿನಗ ಹೇಳಬಾರ್ದು ಅಂತಿದ್ದೆ. ರೇಶನ್ ಕಾರ್ಡಿನಾಗ ನಿನ್ನ ಹೆಸರು ತಗದಾರ. ಹೆಬ್ಬಟ್ಟು ಒತ್ತಾಕ ನೀ ಇಲ್ಲಲ್ಲ."

ಹಿಂದಿನಿಂದ ಸ್ಫೂರ್ತಿ ಫೋನ್ ಕಸಿದುಕೊಂಡಳು. "ಅಮ್ಮಾ, ನೀ ಬಂದ್ರ ಎಷ್ಟ್ ದಿನ ಇರ್ತಿ?"

ಮನೆಗೆ ಬಂದ ನೆಂಟರನ್ನು ಕೇಳುವ ಮಾತು ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಆಸ್ಸುಂತಾ ಕರೆದಳು. ಎದ್ದು ಹೋದೆ.