ಗೋಲು ಹೊಡೆಯದವನ ಬೆಲೆ

ಅವನು ನನ್ನ ಮನೆಗೆ ಬಂದದ್ದು ಒಂದು ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ನಾವು ಚರ್ಚಿನಿಂದ ಹಿಂದಿರುಗಿ ಊಟಕ್ಕೆ ಕೂರುವ ಹೊತ್ತಿಗೆ. ಕುವೈತಿನ ಖೈತಾನ್ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟ್ ಅಂದು ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ ಬಂದಿದ್ದರೂ ಅವನಿಗೆ ಏದುಸಿರು ಇರಲಿಲ್ಲ. ಕೊಡಗಿನವನು. ಇಲ್ಲಿನ ಒಂದು ಗುತ್ತಿಗೆ ಕಂಪನಿಯ ಹಾಕಿ ತಂಡದಲ್ಲಿ ಸಂಬಳಕ್ಕೆ ಆಡುತ್ತಿದ್ದ. ಇಲ್ಲಿನ ಕನ್ನಡಿಗರ ಸಂಘದ ಕಾರ್ಯಕ್ರಮದಲ್ಲಿ ಒಂದೆರಡು ಸಲ ಕೈಕುಲುಕಿದ್ದು ಬಿಟ್ಟರೆ ನಮಗೆ ಪರಿಚಯವಿರಲಿಲ್ಲ.

“ಸರ್, ನೀವು ಪೇಪರಿನಲ್ಲಿ ಇದ್ದವರಂತೆ. ನನ್ನ ಪರವಾಗಿ ಮಾತಾಡಬೇಕು” ಎಂದ.

ಮಂಗಳೂರಿನ ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಬಹಳ ವರ್ಷ ಕೂತವನು ನಾನು. ‘ಪರವಾಗಿ’ ಎಂಬ ಮಾತು ಕೇಳಿದರೆ ಈಗಲೂ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಕುವೈತಿಗೆ ಬಂದು ಜಾಹೀರಾತು ಕಂಪನಿ ಸೇರಿದ ಮೇಲೂ ಆ ಅಭ್ಯಾಸ ಹೋಗಿಲ್ಲ. ಆದರೂ ಕೂರಿಸಿ ಕೇಳಿದೆ.

ಅವನ ಕಂಪನಿಯ ಮಾಲೀಕರಿಗೆ ಹಾಕಿ ಹುಚ್ಚು. ಅವರ ಮಗ ಕೆನಡಾದಲ್ಲಿ ಓದಿ ಬಂದವನು. ಅಲ್ಲಿನ ಐಸ್ ಹಾಕಿಯಲ್ಲಿ ಆಟಗಾರನಿಗೂ ತಂಡಕ್ಕೂ ಸಂಬಳದ ವಿಷಯದಲ್ಲಿ ಒಮ್ಮತ ಬರದಿದ್ದರೆ ಮಧ್ಯಸ್ಥರ ಮುಂದೆ ವಾದ ನಡೆಯುತ್ತದೆ ಎಂದು ತಿಳಿದು, ತಮ್ಮ ತಂಡದ ಒಪ್ಪಂದಕ್ಕೂ ಅಂಥದೊಂದು ನಿಯಮ ಸೇರಿಸಿದ್ದ. ಎರಡೂ ಕಡೆಯವರು ಒಂದೊಂದು ಸಂಬಳ ಸೂಚಿಸಬೇಕು. ಮಧ್ಯಸ್ಥರು ಎರಡರಲ್ಲಿ ಒಂದನ್ನು ಆರಿಸುತ್ತಾರೆ. ನಡುವಿನ ದಾರಿ ಇಲ್ಲ.

ಇವನು ಕೇಳಿದ್ದು ದೊಡ್ಡ ಮೊತ್ತವಲ್ಲ. ಹೆಂಡತಿ ಮತ್ತು ಮಗಳನ್ನು ಇಲ್ಲಿಗೆ ಕರೆಸಲು ಸರ್ಕಾರ ಹೇಳುವ ಕನಿಷ್ಠ ಸಂಬಳಕ್ಕಿಂತ ತುಸು ಮೇಲೆ. ಕಂಪನಿ ಸೂಚಿಸಿದ್ದು ಅದೇ ಗೆರೆಗಿಂತ ತುಸು ಕೆಳಗೆ.

“ಮಗಳನ್ನು ಈ ವರ್ಷ ಶಾಲೆಗೆ ಸೇರಿಸಬೇಕು. ಇಲ್ಲಿಯೋ ಗೋಣಿಕೊಪ್ಪಲಿನಲ್ಲೋ ಅಂತ ಹೆಂಡತಿ ಕೇಳ್ತಾ ಇದ್ದಾಳೆ. ಇಲ್ಲಿ ಆಗೋದಿಲ್ಲ ಅಂದ್ರೆ ನಾನೇ ವಾಪಸ್ ಬರಬೇಕಂತೆ.”

“ಈ ವರ್ಷ ಎಷ್ಟು ಗೋಲು ಹೊಡೆದಿದ್ದೀರಿ?”

“ಒಂದೂ ಇಲ್ಲ ಸರ್.”

ಅಡುಗೆಮನೆಯಿಂದ ನನ್ನ ಹೆಂಡತಿ ಕೊಂಕಣಿಯಲ್ಲಿ, “ಗೋಲೇ ಹೊಡೆಯದವನಿಗೆ ಸಂಬಳ ಯಾತಕ್ಕೆ?” ಎಂದಳು. ಭಾಷೆ ಬಾರದಿದ್ದರೂ ಅವನಿಗೆ ಅರ್ಥವಾಯಿತೆಂದು ಕಾಣುತ್ತದೆ. ನಕ್ಕ. ಊಟದ ಮೇಜಿನ ಮೇಲೆ ಚಮಚ, ಉಪ್ಪಿನ ಡಬ್ಬಿ ಇಟ್ಟು ವಿವರಿಸಿದ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಒಬ್ಬ ಗೋಲಿನ ಗೆರೆಯಿಂದ ಚೆಂಡನ್ನು ಜೋರಾಗಿ ಹೊರಕ್ಕೆ ತಳ್ಳುತ್ತಾನೆ. ವೃತ್ತದ ಹೊರಗೆ ಕಾದಿರುವ ಇನ್ನೊಬ್ಬ ಕೋಲನ್ನು ನೆಲಕ್ಕೆ ಮಲಗಿಸಿ ಅದನ್ನು ತಡೆದು ನಿಲ್ಲಿಸುತ್ತಾನೆ. ಮೂರನೆಯವನು ಓಡಿ ಬಂದು, ನಿಂತ ಚೆಂಡನ್ನು ಎಳೆದು ಗೋಲಿನೊಳಕ್ಕೆ ಎಸೆಯುತ್ತಾನೆ. ಫೋಟೋ, ಹೆಸರು, ಬಹುಮಾನ ಎಲ್ಲ ಆ ಮೂರನೆಯವನಿಗೆ. ಇವನು ನಡುವಿನವನು.

“ನಾನು ಸರಿಯಾಗಿ ನಿಲ್ಲಿಸದಿದ್ದರೆ ಅವನಿಗೆ ಗೋಲಿಲ್ಲ ಸರ್.”

ಪಂದ್ಯ ಗೆದ್ದದ್ದು ತನ್ನಿಂದಲೇ ಎಂದು ಹೇಳಿದ ಆಟಗಾರರನ್ನು ನಾನು ಸಾಕಷ್ಟು ಕಂಡಿದ್ದೇನೆ. ಒಬ್ಬನ ಬಾಯಿಂದ ಬಂದದ್ದನ್ನು ಸುದ್ದಿಮನೆಯಲ್ಲಿ ಸುದ್ದಿ ಎನ್ನುವುದಿಲ್ಲ. ನೋಡಿ ಹೇಳುತ್ತೇನೆ ಎಂದು ಕಳಿಸಿದೆ.

ಅಭಿಮಾನಿಗಳು ಮೊಬೈಲಿನಲ್ಲಿ ಹಿಡಿದ ಪಂದ್ಯಗಳನ್ನು ಒಂದು ವಾರ ನೋಡಿದೆ. ಇವನು ಜ್ವರ ಬಂದು ಮಲಗಿದ್ದ ದಿನಗಳಲ್ಲಿ ತಂಡದ ಪೆನಾಲ್ಟಿ ಕಾರ್ನರ್‌ಗಳು ಬಹುತೇಕ ವ್ಯರ್ಥವಾಗಿದ್ದವು. ಇದು ಅವನ ಮಾತಿಗೆ ಬಲ. ಆದರೆ ಆ ದಿನಗಳ ಎದುರಾಳಿಗಳೇ ಗಟ್ಟಿ ತಂಡಗಳು. ಇದು ಕಂಪನಿಯ ಮಾತಿಗೆ ಬಲ. ನಿಜ ಗೊತ್ತಿದ್ದವನು ಒಬ್ಬನೇ, ಚೆಂಡನ್ನು ಎಸೆಯುತ್ತಿದ್ದ ಮೂರನೆಯವನು. ಜಲಂಧರ್ ಕಡೆಯ ಪಂಜಾಬಿ, ತಂಡದ ತಾರೆ.

ನಮ್ಮ ದೇಶದವರೇ ತುಂಬಿರುವ ಅಬ್ಬಾಸಿಯಾದಲ್ಲಿ ಅವನೂ ಕೊಡಗಿನವನೂ ಒಂದೇ ಕೋಣೆಯಲ್ಲಿ ಇದ್ದರು. ಕೆಳಗಿನ ಚಹಾ ಅಂಗಡಿಯಲ್ಲಿ ಮೂವರೂ ಕೂತೆವು. ಪಂಜಾಬಿ ಹಿಂದಿಯಲ್ಲಿ ಧಾರಾಳವಾಗಿ ಮಾತಾಡಿದ.

“ಇವನು ನನ್ನ ಅರ್ಧ ಆಟ ಭಾಯಿ. ಬೇರೆಯವರು ನಿಲ್ಲಿಸಿದರೆ ಚೆಂಡು ಒಮ್ಮೆ ಇಲ್ಲಿರುತ್ತದೆ, ಒಮ್ಮೆ ಅಲ್ಲಿರುತ್ತದೆ. ನಾನು ಹುಡುಕಿಕೊಂಡು ಹೋಗಬೇಕು.”

“ಇದನ್ನೇ ಮಧ್ಯಸ್ಥರ ಮುಂದೆ ಹೇಳುತ್ತೀರಾ?”

ಅವನು ಲೋಟ ಕೆಳಗಿಟ್ಟು ಗೆಳೆಯನ ಭುಜ ತಟ್ಟಿದ. “ಮುಂದಿನ ವರ್ಷ ನನ್ನ ಒಪ್ಪಂದ ಮುಗಿಯುತ್ತದೆ. ಆ ಕುರ್ಚಿಯಲ್ಲಿ ಆಗ ನಾನು ಕೂತಿರುತ್ತೇನೆ. ನನ್ನ ಅರ್ಧ ಗೋಲು ಇವನದು ಅಂತ ಈಗ ಹೇಳಿದರೆ ಆಗ ನನಗೆ ಅರ್ಧ ಸಂಬಳ ಕೊಡುತ್ತಾರೆ.”

ಚಹಾದ ಹಣ ಅವನೇ ಕೊಟ್ಟ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

“ಬರ್ತಾನೆ ಸರ್. ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವನು” ಎಂದ ಕೊಡಗಿನವನು.

ಗಂಜಿ ಬೇರೆ, ಸಾಕ್ಷಿ ಬೇರೆ ಎಂದು ನನಗೆ ಅನಿಸಿತು.

ಎರಡು ದಿನ ಬಿಟ್ಟು ಕಂಪನಿಯ ಸಿಬ್ಬಂದಿ ಮ್ಯಾನೇಜರ್ ಫೋನ್ ಮಾಡಿದರು. ಉಡುಪಿ ಕಡೆಯವರು, ನನಗೆ ಹಳೆಯ ಪರಿಚಯ.

“ಎಂತ ಮಾರಾಯ್ರೆ, ಅಬ್ಬಾಸಿಯಾದಲ್ಲಿ ಚಹಾ ಕುಡಿದ್ರಂತೆ? ಚಹಾ ಒಳ್ಳೆದುಂಟಾ?”

“ಯಾರು ಹೇಳಿದರು?”

“ಅಬ್ಬಾಸಿಯಾದಲ್ಲಿ ಹೇಳ್ಲಿಕ್ಕೆ ಯಾರು ಬೇಕು? ನಿಮಗೆ ಎಂತಕ್ಕೆ ಮಾರಾಯ್ರೆ ಈ ಪಂಚಾತಿಕೆ? ಅವನು ನಮ್ಮ ಮನೆ ಹುಡುಗನ ಹಾಗೆ. ನಾವು ನೋಡಿಕೊಳ್ತೇವೆ.”

“ಮನೆ ಹುಡುಗನಾದರೆ ಸಂಬಳ ಆ ಗೆರೆಯ ಕೆಳಗೇ ಯಾಕೆ ನಿಂತಿತು?”

“ಅದು ಬಜೆಟ್. ಗೆರೆ ನೋಡಿ ಇಟ್ಟದ್ದಲ್ಲ” ಎಂದು ಫೋನ್ ಇಟ್ಟರು.

ನಾನು ನಂಬಲಿಲ್ಲ. ಕಂಪನಿಯ ಲೆಕ್ಕ ಬೇರೆಯೇ ಇರಬೇಕು: ಸಂಸಾರ ಬಂದರೆ ಬೇರೆ ಮನೆ ಕೇಳುತ್ತಾನೆ, ರಜೆ ಕೇಳುತ್ತಾನೆ, ಕರೆದಾಗ ಅಭ್ಯಾಸಕ್ಕೆ ಬರುವುದಿಲ್ಲ. ಒಬ್ಬಂಟಿಯಾದರೆ ತೊಂದರೆಯಿಲ್ಲ. ಹಾಗೆಂದು ಸಾಧಿಸಲು ನನ್ನ ಬಳಿ ಏನೂ ಇರಲಿಲ್ಲ. ಚಹಾ ಅಂಗಡಿಯ ಮಾತನ್ನು ತಲುಪಿಸಿದವರು ಯಾರೆಂಬುದಕ್ಕೂ ಆಧಾರ ಇರಲಿಲ್ಲ. ಅನುಮಾನವಿದ್ದದ್ದು ಒಬ್ಬನ ಮೇಲೆಯೇ.

ಬ್ನೇದ್ ಅಲ್ ಗಾರ್ ಬಡಾವಣೆಯ ಒಂದು ವಸತಿ ಕಟ್ಟಡದ ಮೊದಲ ಮಹಡಿಯಲ್ಲಿ ಮಧ್ಯಸ್ಥರ ಕಚೇರಿ. ಈಜಿಪ್ಟಿನ ಹಿರಿಯರು, ವಿಮೆಯ ವ್ಯವಹಾರ ಮಾಡುವವರು. ಹಿಂದೆ ಹಾಕಿ ಅಂಪೈರ್ ಆಗಿದ್ದವರು ಎಂಬ ಕಾರಣಕ್ಕೆ ಎರಡೂ ಕಡೆಯವರು ಅವರನ್ನು ಒಪ್ಪಿದ್ದರು.

ಮೊದಲು ಮ್ಯಾನೇಜರ್ ಮಾತಾಡಿದರು. ತಂಡದ ಊಟದ ದಿನ ಇದೇ ಆಟಗಾರನನ್ನು ವೇದಿಕೆಗೆ ಕರೆದು ‘ನಮ್ಮ ಗೋಡೆ’ ಎಂದು ಹೊಗಳಿದ್ದರು ಎಂದು ನನಗೆ ಗೊತ್ತಿತ್ತು. ಈಗ ಅವನು ಎದುರಿಗೇ ಕೂತಿದ್ದಾಗ ಶುದ್ಧ ಇಂಗ್ಲಿಷಿನಲ್ಲಿ ಹೇಳಿದರು: ಚೆಂಡು ತಾನಾಗಿ ಬರುತ್ತದೆ, ಈತ ಕೋಲು ಅಡ್ಡ ಇಡುತ್ತಾನೆ, ಓಟ ನಿಧಾನ, ವಯಸ್ಸು ಆಗುತ್ತಿದೆ, ಈತನ ಜಾಗಕ್ಕೆ ಮಂಗಳೂರು ವಿಮಾನದಿಂದ ಇಳಿದ ಯಾರನ್ನಾದರೂ ನಿಲ್ಲಿಸಬಹುದು. ಅವನು ತನ್ನ ಅಂಗೈಗಳನ್ನು ನೋಡುತ್ತಿದ್ದ. ಇಂಗ್ಲಿಷ್ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು.

ನನ್ನ ಸರದಿ ಬಂದಾಗ ಜ್ವರದ ದಿನಗಳ ಪಂದ್ಯಗಳನ್ನು ಹೇಳಿದೆ. ಎದುರಾಳಿ ತಂಡಗಳು ಬಲಿಷ್ಠವಾಗಿದ್ದವು ಎಂಬುದನ್ನೂ ಹೇಳಿದೆ. ಮ್ಯಾನೇಜರ್ ನನ್ನತ್ತ ವಿಚಿತ್ರವಾಗಿ ನೋಡಿದರು. ನಾನು ಬಿಟ್ಟಿದ್ದರೆ ಅವರೇ ಹೇಳುತ್ತಿದ್ದರು, ಆಗ ನನ್ನ ಉಳಿದ ಮಾತಿಗೂ ಬೆಲೆ ಇರುತ್ತಿರಲಿಲ್ಲ.

ಆಮೇಲೆ ಕಂಪನಿ ತನ್ನ ಸಾಕ್ಷಿಯನ್ನು ಕರೆಯಿತು. ಬಾಗಿಲು ತೆರೆದು ಒಳಗೆ ಬಂದವನು ಪಂಜಾಬಿ.

“ಯಾರು ನಿಲ್ಲಿಸಿದರೂ ನಾನು ಹೊಡೆಯುತ್ತೇನೆ” ಎಂದ. ಗೆಳೆಯನ ಕಡೆ ನೋಡಲಿಲ್ಲ.

“ಚಹಾ ಅಂಗಡಿಯಲ್ಲಿ ನೀವು ನನಗೆ ಬೇರೆ ಮಾತು ಹೇಳಿದ್ದಿರಿ” ಎಂದೆ.

“ಚಹಾ ಅಂಗಡಿಯಲ್ಲಿ ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ ಭಾಯಿ.”

ಮ್ಯಾನೇಜರ್ ಕಡತ ಮುಚ್ಚಿದರು. ಕೊಡಗಿನವನು ಆಗಲೂ ತಲೆ ಎತ್ತಲಿಲ್ಲ. ಹೆಂಡತಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದನೆಂದು ಆಮೇಲೆ ತಿಳಿಯಿತು.

ಮಧ್ಯಸ್ಥರು ಕನ್ನಡಕ ತೆಗೆದು ಒರೆಸಿದರು. “ಯಲ್ಲಾ, ನಡೆಯಿರಿ, ನಾಳೆ ಮೈದಾನದಲ್ಲಿ ನೋಡೋಣ” ಎಂದರು.

ನಾನು ಆಕ್ಷೇಪಿಸಿದೆ. ಚೆಂಡು ಎಸೆಯುವವನೇ ಕಂಪನಿಯ ಸಾಕ್ಷಿ. ಫಲಿತಾಂಶ ಅವನ ಕೈಯಲ್ಲೇ ಇರುವಾಗ ಪರೀಕ್ಷೆಯಿಂದ ಏನು ತಿಳಿದೀತು? ಅವರು ನಸುನಕ್ಕು, “ಬನ್ನಿ” ಎಂದಷ್ಟೇ ಹೇಳಿದರು.

ಮರುದಿನ ಸಂಜೆ ಬಿಸಿಲು ಇಳಿದ ಮೇಲೆ ಮೈದಾನದಲ್ಲಿ ಸೇರಿದೆವು. ಮೊದಲು ತಂಡದ ಇನ್ನೊಬ್ಬ ಆಟಗಾರ ಚೆಂಡು ನಿಲ್ಲಿಸಿದ. ಪಂಜಾಬಿ ಎಸೆದ ಚೆಂಡುಗಳು ಒಂದಾದ ಮೇಲೊಂದು ಗೋಲ್‌ಕೀಪರ್ ಇಲ್ಲದ ಬಲೆಗೆ ಬಿದ್ದವು. ಆಮೇಲೆ ಕೊಡಗಿನವನು ನಿಂತ. ಅರ್ಧಕ್ಕರ್ಧ ಚೆಂಡುಗಳು ಕಂಬದ ಹೊರಗೆ ಹೋದವು. ಮ್ಯಾನೇಜರ್ ನನ್ನ ಪಕ್ಕಕ್ಕೆ ಬಂದು, “ನೋಡಿದ್ರಲ್ಲ?” ಎಂದರು. ನೋಡಿದ್ದೆ. ಒಳ್ಳೆಯ ಚೆಂಡು ಸಿಕ್ಕಿಯೂ ಒಬ್ಬ ಆಟಗಾರ ಅಷ್ಟು ಕೆಟ್ಟದಾಗಿ ಎಸೆಯುವುದು ಹೇಗೆ ಎಂದು ಯೋಚಿಸುತ್ತಿದ್ದೆ.

ಮಧ್ಯಸ್ಥರು ಮೈದಾನ ದಾಟಿ ಗೋಲಿನ ಬಲೆಯ ಹಿಂದೆ ಹೋಗಿ ನಿಂತರು. “ಚೆಂಡು ತಳ್ಳಿದ ಮೇಲೆ ನಾನು ಒಂದು ಕೈ ಎತ್ತುತ್ತೇನೆ. ನೀನು ಆ ಕಡೆಗೇ ಎಸೆಯಬೇಕು” ಎಂದು ಪಂಜಾಬಿಗೆ ಕೂಗಿ ಹೇಳಿದರು.

ಬೇರೆಯವನು ನಿಲ್ಲಿಸಿದಾಗ ಪಂಜಾಬಿಯ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಚೆಂಡು ಎಲ್ಲಿ ನಿಂತಿತೆಂದು ನೋಡಿಕೊಳ್ಳುವುದರಲ್ಲೇ ಹೊತ್ತು ಕಳೆಯುತ್ತಿತ್ತು. ಎದ್ದ ಕೈ ಅವನಿಗೆ ಕಾಣಲೇ ಇಲ್ಲ. ಗೋಲು ಬಿದ್ದವು, ಆದರೆ ತಪ್ಪು ಕಡೆಗೆ. ನಿಜವಾದ ಪಂದ್ಯದಲ್ಲಿ ಖಾಲಿ ಇರುವುದು ಕೈ ತೋರಿಸಿದ ಮೂಲೆ, ಈ ಕಡೆ ಗೋಲ್‌ಕೀಪರ್ ಕಾದಿರುತ್ತಿದ್ದ.

ಕೊಡಗಿನವನು ಬಗ್ಗಿ ಕೋಲು ಮಲಗಿಸಿದ. ಚೆಂಡು ಬಂದು ಅವನ ಕೋಲಿಗೆ ಅಂಟಿದಂತೆ ನಿಂತಿತು. ಪಂಜಾಬಿ ಓಡಿ ಬರುತ್ತಲೇ ತಲೆ ಎತ್ತಿದ. ಮಧ್ಯಸ್ಥರ ಎಡಗೈ ಮೇಲಿತ್ತು. ಚೆಂಡು ಆ ಕಡೆಯ ಮೂಲೆಗೆ ಹೋಯಿತು. ಇನ್ನೊಂದು ಸಲ, ಬಲಗೈ. ಚೆಂಡು ಆ ಮೂಲೆಗೆ. ಮತ್ತೆ, ಮತ್ತೆ. ಒಂದೂ ತಪ್ಪಲಿಲ್ಲ.

ಈ ಸುತ್ತಿನಲ್ಲೂ ಬೇಕೆಂದೇ ತಪ್ಪಿಸುವುದು ಅವನಿಗೆ ಕಷ್ಟವಿರಲಿಲ್ಲ. ಯಾಕೆ ತಪ್ಪಿಸಲಿಲ್ಲ? ಗೆಳೆಯನ ಮುಖ ನೋಡಿಯೋ, ಹಳೆಯ ಅಂಪೈರ್ ಎದುರು ಕಳಪೆ ಅನಿಸಿಕೊಳ್ಳಲಾರದೆಯೋ, ಅಥವಾ ಕೈ ನೋಡಿ ಎಸೆಯುವ ಆಟ ಅವನಿಗೇ ಹಿಡಿಸಿತೋ, ನನಗೆ ಗೊತ್ತಿಲ್ಲ. ಕಂಡದ್ದನ್ನು ಮಾತ್ರ ಹೇಳಬಲ್ಲೆ. ಕೊನೆಯ ಚೆಂಡಿನ ನಂತರ ಅವನು ಕೋಲನ್ನು ಹುಲ್ಲಿನ ಮೇಲೆ ಎಸೆದು, ಮ್ಯಾನೇಜರ್ ನಿಂತಿದ್ದ ಕಡೆ ಬಾರದೆ, ನೇರ ಗೇಟಿನತ್ತ ನಡೆದ.

“ಖಲಾಸ್” ಎಂದರು ಮಧ್ಯಸ್ಥರು.

ವಾಪಸಾಗುವಾಗ, ಗೇಟಿನ ಹೊರಗೆ ನಿಂತಿದ್ದ ಪಂಜಾಬಿಯೂ ಸೇರಿ, ಇಬ್ಬರನ್ನೂ ನನ್ನ ಕಾರಿನಲ್ಲೇ ಅಬ್ಬಾಸಿಯಾಕ್ಕೆ ಬಿಡಬೇಕಾಯಿತು. ದಾರಿಯಲ್ಲಿ ಕೊಡಗಿನವನು ಹಿಂದಿಯಲ್ಲಿ ಕೇಳಿದ: “ಮೊದಲ ಸುತ್ತಿನಲ್ಲಿ ಬೇಕೆಂದೇ ಹೊರಗೆ ಹೊಡೆದೆಯಾ?”

“ನಿನಗೆ ಏನನಿಸಿತು?”

“ಹೌದು ಅನಿಸಿತು.”

“ಹಾಗಾದರೆ ಕೇಳುವುದು ಯಾಕೆ?” ಎಂದು ಪಂಜಾಬಿ ಕಿಟಕಿಯತ್ತ ತಿರುಗಿದ. ಇಬ್ಬರೂ ಒಂದೇ ಬಾಗಿಲಿನಿಂದ ಇಳಿದು ಒಂದೇ ಮೆಟ್ಟಿಲು ಹತ್ತಿ ಹೋದರು.

ತೀರ್ಪು ಕೊಡಗಿನವನ ಪರವಾಗಿ ಬಂತು. ಅವನು ಮನೆಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲಿದ್ದೆ. ಹೆಂಡತಿ ಸಂತೋಷಪಟ್ಟದ್ದು ಕೇಳಿಸಲಿಲ್ಲ. ವೀಸಾ ಕಣ್ಣಿಗೆ ಕಾಣಲಿ, ಆಮೇಲೆ ಮಾತಾಡೋಣ ಎಂದಳಂತೆ.

ವೀಸಾ ಬರುವ ಹೊತ್ತಿಗೆ ಮ್ಯಾನೇಜರ್ ಮತ್ತೆ ಫೋನ್ ಮಾಡಿದರು. ಬಹಳ ಸಿಹಿಯಾಗಿ ಮಾತಾಡಿದರು.

“ಮುಂದಿನ ಸಲ ಪಂಜಾಬಿಯ ಸಂಬಳದ ವಾದ ಉಂಟಲ್ಲ, ನೀವು ನಮ್ಮ ಕಡೆಗೆ ಬನ್ನಿ ಮಾರಾಯ್ರೆ. ಹೊಸದು ಎಂತದ್ದೂ ಬೇಡ. ಆ ದಿನ ಮೈದಾನದಲ್ಲಿ ಕಂಡದ್ದನ್ನೇ ಹೇಳಿದ್ರೆ ಸಾಕು. ಅರ್ಧ ಗೋಲು ನಿಮ್ಮ ಕೊಡಗಿನವನದ್ದು ಅಂತ.”

ಅದು ಸುಳ್ಳಲ್ಲ, ನಾನು ಕಂಡ ಸಂಗತಿಯೇ. ಆದರೂ ಆಗುವುದಿಲ್ಲ ಎಂದೆ.

“ಆಯ್ತು, ನೀವು ಇಲ್ಲದಿದ್ರೆ ಬೇರೆಯವರು ಇದ್ದಾರೆ” ಎಂದರು. ಯಾರು ಎಂದು ನಾನು ಕೇಳಲಿಲ್ಲ.

ಕೊಡಗಿನವನ ಹೆಂಡತಿ, ಮಗಳು ಬಂದ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ನನ್ನ ಕಾರು ಗ್ಯಾರೇಜಿನಲ್ಲಿದ್ದುದರಿಂದ ಅವನ ಜೊತೆ ಟ್ಯಾಕ್ಸಿಯಲ್ಲಿ. ಹೊರಗೆ ಬಂದಾಗ ಕಂಪನಿಯ ದೊಡ್ಡ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಹೂಗುಚ್ಛ, ಮಗುವಿಗೊಂದು ಗೊಂಬೆ. ಚಾಲಕ ಇಳಿದು ಬಾಗಿಲು ತೆರೆದು ಹಿಡಿದ.

“ಯಾರು ಕಳಿಸಿದ್ದು?” ಎಂದು ಅವಳು ಗಂಡನನ್ನು ಕೇಳಿದಳು.

“ನಮ್ಮ ಮ್ಯಾನೇಜರ್. ಒಳ್ಳೆಯವರು.”

ಅವಳು ಕಾರನ್ನೂ ಹೂವನ್ನೂ ನೋಡಿದಳು. “ನಿಮ್ಮ ಬಗ್ಗೆ ಅಷ್ಟೆಲ್ಲ ಆಡಿದವರು. ಅವರಿಗೆ ಈಗ ನಿಮ್ಮಿಂದ ಇನ್ನೇನು ಬೇಕಂತೆ?”

ಅವನು ನನ್ನ ಕಡೆ ನೋಡಿದ. ಮ್ಯಾನೇಜರ್ ಹೇಳಿದ ‘ಬೇರೆಯವರು’ ಯಾರೆಂದು ನನಗೆ ಆಗ ಗೊತ್ತಾಯಿತು.

“ನನ್ನನ್ನೂ ಕೇಳಿದ್ದರು. ಆಗುವುದಿಲ್ಲ ಎಂದೆ” ಎಂದೆ. “ನೀವು ಏನಂದಿರಿ?”

“ಯೋಚನೆ ಮಾಡಿ ಹೇಳ್ತೇನೆ ಅಂದೆ ಸರ್.”

ಅವಳು ಗೊಂಬೆಯ ಕಡೆ ಕೈ ಚಾಚಿದ್ದ ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಎಳೆದುಕೊಂಡಳು.

“ಟ್ಯಾಕ್ಸಿ ಎಲ್ಲಿ ಸಿಗ್ತದೆ?” ಎಂದು ನನ್ನನ್ನು ಕೇಳಿದಳು.

ನಾನು ತೋರಿಸಿದೆ. ಅವಳು ಆ ಕಡೆ ನಡೆದಳು. ಅವನು ಚಾಲಕನ ಕೈಕುಲುಕಿ, ಏನೋ ಹೇಳಿ, ಉಳಿದ ಎರಡು ಪೆಟ್ಟಿಗೆ ಎತ್ತಿಕೊಂಡು ಅವಳ ಹಿಂದೆ ಬಂದ.