ಬೂಟು ಬಿಚ್ಚಿದ ಕ್ಯಾಪ್ಟನ್

ಆ ದೃಶ್ಯ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತೊಂದರೆ ಇರುವುದೇ ಅಲ್ಲಿ. ಅಂತರಿಕ್ಷ ನೌಕೆ ಕೊನೆಗೂ ಹೊಸ ಗ್ರಹವೊಂದರಲ್ಲಿ ಇಳಿಯುತ್ತದೆ. ಬಾಗಿಲು ತೆರೆಯುತ್ತದೆ. ನಡುವಯಸ್ಸಿನ ಹೆಂಗಸಾದ ಕ್ಯಾಪ್ಟನ್ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ಕೆಂಪು ಮಣ್ಣಿಗೆ ಇಳಿಯುತ್ತಾಳೆ. ಟಿವಿಯಲ್ಲಿ ನಾನು ಕಂಡ ಧಾರಾವಾಹಿಗಳಲ್ಲಿ ಇದಕ್ಕಿಂತ ಒಳ್ಳೆಯ ಮುಕ್ತಾಯ ಇನ್ನೊಂದಿಲ್ಲ ಎಂದು ವರ್ಷಗಟ್ಟಲೆ ವಾದಿಸಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಆ ಇಂಗ್ಲಿಷ್ ಧಾರಾವಾಹಿ ಕೇಬಲ್‌ನಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿತ್ತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದಿನ ನಮ್ಮ ಮನೆಯಲ್ಲಿ ನಾನು ನೋಡುತ್ತಿದ್ದೆ. ಮೊಳಕಾಲ್ಮೂರಿನಲ್ಲಿ ನನ್ನ ಕಾಲೇಜು ಗೆಳೆಯ ನೋಡುತ್ತಿದ್ದ. ಅವರದು ರೇಷ್ಮೆ ಸೀರೆ ನೇಯುವ ಮನೆ. ಕರೆಂಟು ಎರಡೂ ಊರಿಗೆ ಸರದಿಯಲ್ಲಿ ಹೋಗುತ್ತಿದ್ದುದರಿಂದ ನನಗೆ ಮೊದಲರ್ಧ ಸಿಕ್ಕರೆ ಅವನಿಗೆ ಎರಡನೆಯದು, ಇಲ್ಲವೇ ತಿರುಗುಮುರುಗು. ಸೋಮವಾರ ಕಾಲೇಜಿನಲ್ಲಿ ಒಬ್ಬರಿಗೊಬ್ಬರು ಉಳಿದ ಅರ್ಧ ಹೇಳುತ್ತಿದ್ದೆವು. ಕಂಡದ್ದಷ್ಟೇ ಹೇಳಬೇಕು, ಸೇರಿಸಬಾರದು ಎನ್ನುವುದು ನಮ್ಮ ಕರಾರು.

ಶುರುವಿನ ಕಂತುಗಳು ಪೇಲವ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಯಾವ ಗ್ರಹಕ್ಕೆ ಹೋದರೂ ಅದೇ ಕಲ್ಲು ಕ್ವಾರಿ, ಅದೇ ರಬ್ಬರ್ ಕಿವಿಯ ಜನ. ನಮ್ಮ ಸೀಮೆಯ ಬ್ರಹ್ಮಗಿರಿ ಬೆಟ್ಟದ ಬಂಡೆಗಳ ನಡುವೆ ಕ್ಯಾಮೆರಾ ಇಟ್ಟಿದ್ದರೂ ಸಾಕಿತ್ತು, ಇದಕ್ಕಿಂತ ನಂಬಿಕೆ ಬರುತ್ತಿತ್ತು. ಆಮೇಲೆ ಕತೆ ಬರೆಯುವವರು ಬದಲಾದರೋ ಏನೋ, ಯುದ್ಧ ಕಡಿಮೆಯಾಗಿ ಮಾತು ಹೆಚ್ಚಿತು, ಧಾರಾವಾಹಿ ಬದುಕಿತು.

ನಮ್ಮ ಇನ್ನೊಂದು ಹುಚ್ಚು ಆಲ್ಟರ್ನೇಟಿವ್ ರಾಕ್ ಸಂಗೀತ. ಇಬ್ಬರೂ ಸೇರಿ ಕೊಂಡ ಒಂದು ಕ್ಯಾಸೆಟ್ ಒಂದು ತಿಂಗಳು ನನ್ನಲ್ಲಿ, ಒಂದು ತಿಂಗಳು ಅವನಲ್ಲಿ ಇರುತ್ತಿತ್ತು. ಮೊದಲ ಬದಿ ಬರೀ ಸಿಟ್ಟು, ಎರಡನೆಯದು ದುಃಖ. ಕೇಳುವವರನ್ನು ಮೆಚ್ಚಿಸುವ ಇರಾದೆಯೇ ಇಲ್ಲದೆ ಹಾಡುವ ಆ ಗಾಯಕ ನನಗೆ ದೇವರು. ಗೆಳೆಯನಿಗೆ ಡ್ರಮ್ಮು ಬಾರಿಸುವವನೇ ಹೆಚ್ಚು. ಮಗ್ಗದ ಸದ್ದಿನಲ್ಲೇ ಬೆಳೆದವನಿಗೆ ತಾಳ ತಪ್ಪಿದರೆ ಮೈ ಉರಿಯುತ್ತಿತ್ತು.

ನಾನು ಎಂ.ಎಸ್ಸಿ. ಓದುತ್ತಿದ್ದಾಗ ಒಮ್ಮೆ ರಜೆಗೆ ಬಂದು ಚಹಾದಂಗಡಿಯಲ್ಲಿ ಬೂಟು ಬಿಚ್ಚುವ ದೃಶ್ಯವನ್ನು ವರ್ಣಿಸುತ್ತಿದ್ದೆ. ಅವನು ಮಧ್ಯೆ ಬಾಯಿ ಹಾಕಿದ.

"ನೀನೆಲ್ಲಿ ನೋಡಿದ್ಯೋ ಲೇ? ಅವತ್ತು ನಿಮ್ಮೂರಾಗೆ ಕರೆಂಟೇ ಇರ್ಲಿಲ್ಲ. ನಾನು ಹೇಳಿದ್ದನ್ನ ಕೇಳ್ಕಂಡು ಈಗ ನೋಡ್ದೆ ಅಂತೀಯಲ್ಲ."

ನೋಡಿದ್ದೇನೆ ಎಂದೆ. ಮಣ್ಣಿನ ಬಣ್ಣ ಹೇಳಿದೆ. ಅದನ್ನೂ ತಾನೇ ಹೇಳಿದ್ದು ಎಂದ. ಮಾತು ಬೆಳೆದು ಕೊನೆಗೆ ಪಂದ್ಯಕ್ಕೆ ನಿಂತಿತು: ನಾನು ನೋಡಿದ್ದು ನಿಜವಾದರೆ ಕ್ಯಾಸೆಟ್ ಶಾಶ್ವತವಾಗಿ ನನಗೆ, ಕೇಳಿದ್ದಾದರೆ ಅವನಿಗೆ. ಆ ಹೊತ್ತಿಗೆ ಆ ಆಲ್ಬಮ್ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇದೇ ಸುಳ್ಳಾದರೆ ನನ್ನ ತಲೆಯೊಳಗಿನ ಉಳಿದ ನೆನಪುಗಳಿಗೆ ಯಾರು ಜಾಮೀನು? ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬೇಡ ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ನನ್ನ ಬಳಿ ಇದ್ದ ಸಾಕ್ಷಿ ನಾನೊಬ್ಬನೇ.

ಕೆಲವು ವರ್ಷಗಳ ನಂತರ ಅವನಿಗೆ ಬಳ್ಳಾರಿಯಲ್ಲಿ ಆ ಧಾರಾವಾಹಿಯ ಡಿವಿಡಿ ಸಿಕ್ಕಿತು. ನಾನು ಮೊಳಕಾಲ್ಮೂರಿನ ಬಸ್ಸು ಹಿಡಿದೆ. ಆ ತಿಂಗಳು ಕ್ಯಾಸೆಟ್ಟಿನ ಸರದಿ ನನ್ನದಾಗಿತ್ತು, ಬ್ಯಾಗಿನಲ್ಲಿತ್ತು. ಅವನ ಮನೆಯಲ್ಲಿ ಅವನ ಅವ್ವ ಎಂದಿನಂತೆ ರಾಟೆಯ ಮುಂದೆ ಕೂತು ರೇಷ್ಮೆ ನೂಲು ಸುತ್ತುತ್ತಿದ್ದರು. ಕೊನೆಯ ಕಂತು ಹಾಕಿದೆವು. ನೌಕೆ ಇಳಿಯಿತು, ಬಾಗಿಲು ತೆರೆಯಿತು. ಕ್ಯಾಪ್ಟನ್ ಬೂಟು ಹಾಕಿಕೊಂಡೇ ಧಡಧಡ ಇಳಿದು ನಡೆದುಹೋದಳು. ಹೆಸರುಗಳು ಬಂದವು.

ರಾಟೆ ನಿಂತಿತು.

"ಏಮಿರಾ ಇದು, ಬೂಟು ಹಾಕ್ಕಂಡೇ ಇಳಿದ್ಬಿಟ್ಲಲ್ಲ," ಎಂದರು ಅವ್ವ. "ಬಿಚ್ಚಿದ್ಲು ಅಂತ ನೀನೇ ಹೇಳಿದ್ಯಲ್ಲೋ ಅವತ್ತು."

"ನೀನು ಕೇಳಿದ್ದಕ್ಕೆ ಹೇಳಿದ್ದೆ ಅವ್ವ," ಎಂದವನು ಅಲ್ಲಿಗೇ ನಿಲ್ಲಿಸಿದ. ತಾನು ಆಡಿದ ಮಾತು ಅವನಿಗೇ ಆಗ ಕೇಳಿಸಿದಂತಿತ್ತು.

ಇಂಗ್ಲಿಷ್ ಬಾರದ ಅವ್ವ ಆ ಭಾನುವಾರಗಳಲ್ಲಿ ರಾಟೆಯ ಹತ್ತಿರದಿಂದಲೇ ಮಗನನ್ನು ಕತೆ ಕೇಳುತ್ತಿದ್ದರಂತೆ. ಜಟಿಂಗ ರಾಮೇಶ್ವರನ ಗುಡಿಗೇ ಚಪ್ಪಲಿ ಬಿಟ್ಟು ಹೋಗುತ್ತೇವೆ, ಕಾಣದ ನೆಲಕ್ಕೆ ಕಾಲಿಡುವಾಗ ಆಕೆ ಬಿಚ್ಚಿದಳೋ ಇಲ್ಲವೋ ಎಂದು ಅಂದು ಅವರು ಕೇಳಿದ್ದರು. ಇವನು ಟಿವಿಯಿಂದ ಕಣ್ಣು ಕೀಳದೆ, ಅವರನ್ನು ಸುಮ್ಮನಾಗಿಸಲು ಬಿಚ್ಚಿದಳು ಎಂದಿದ್ದ. ಸೋಮವಾರ ನನಗೆ ಹೇಳುವ ಹೊತ್ತಿಗೆ ಅದನ್ನು ಅವನೇ ನಂಬಿಬಿಟ್ಟಿದ್ದ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದನ್ನು ಕಂಡೇಬಿಟ್ಟಿದ್ದೆ.

ನಾನು ಕ್ಯಾಸೆಟ್ ತೆಗೆದು ಅವನ ಮುಂದಿಟ್ಟೆ. ಅವನು ಮುಟ್ಟಲಿಲ್ಲ, ಬೂಟು ಬಿಚ್ಚಿದ್ದನ್ನು ತಾನೂ ನೋಡಿಲ್ಲವಲ್ಲ ಎಂದ. ಪಂದ್ಯ ನಾನು ನೋಡಿದ್ದೆನೋ ಕೇಳಿದ್ದೆನೋ ಎಂಬುದರ ಮೇಲೆ, ನಾನು ಕೇಳಿದ್ದು ಖಚಿತ, ಆದ್ದರಿಂದ ಇದು ನಿನ್ನದು ಎಂದು ವಾದಿಸಿದೆ. ಜೊತೆಗೆ, ಡಿವಿಡಿಯ ಮುಕ್ತಾಯ ಕಳಪೆ, ಈ ಮನೆಯಲ್ಲಿ ಹುಟ್ಟಿದ್ದೇ ಸರಿಯಾದದ್ದು ಎಂದೂ ತೀರ್ಪು ಕೊಟ್ಟೆ.

"ಸೋತೋನು ಇಷ್ಟೊಂದು ಖುಷಿಯಾಗಿರೋದು ನಾನೆಲ್ಲೂ ನೋಡಿಲ್ಲ ಲೇ," ಎಂದು ಅವನು ಕ್ಯಾಸೆಟ್ ಎತ್ತಿಕೊಂಡು ಎರಡನೆಯ ಬದಿ ಹಾಕಿದ.

ಅವ್ವ ರಾಟೆ ತಿರುಗಿಸದೆ ಒಂದಿಡೀ ಹಾಡು ಕೇಳಿದರು. ಆಮೇಲೆ, ಈ ಹಾಡೋ ಹುಡುಗನಿಗೆ ಏನಾಗೈತೆ, ಯಾಕಿಷ್ಟು ಸಂಕಟ ಪಡ್ತಾನೆ ಎಂದು ವಿಚಾರಿಸಿದರು. ನಾವಿಬ್ಬರೂ ಒಟ್ಟಿಗೇ ಬಾಯಿ ತೆರೆದು ಬೇರೆ ಬೇರೆ ಉತ್ತರ ಕೊಟ್ಟೆವು.